ಬೀರಪ್ಪನ ಮುಂದೆ ತೋರಿಸಿದ ಗಜ

ಓದುಗರೇ, ಒಬ್ಬ ಮನುಷ್ಯನನ್ನು ಕೊಲೆಗಾರನೆಂದು ತೀರ್ಮಾನಿಸಲು ನಿಮಗೆ ಎಷ್ಟು ಹೊತ್ತು ಬೇಕು? ಒಂದು ಹೆಣ, ಹೊಗೆಯಾಡುವ ಒಂದು ಬಂದೂಕು, ಅದರ ಟ್ರಿಗರಿನ ಮೇಲೆ ಬೆರಳಿಟ್ಟಿದ್ದ ಒಬ್ಬ ಮೆಕ್ಯಾನಿಕ್ ಸಿಕ್ಕರೆ ಸಾಕಲ್ಲವೇ? ಮಕ್ತಲಿನ ಬಸ್ ನಿಲ್ದಾಣದ ಹಿಂದೆ ನೆರೆದ ಜನಕ್ಕೆ ಅಷ್ಟೇ ಸಾಕಾಯಿತು. ಹರಿತಾ ಎಂಬ ಹುಡುಗಿಯ ಉಸಿರು ನಿಂತ ಅರ್ಧ ಗಂಟೆಯೊಳಗೆ ಅವರು ಮಹೇಂದರನ ಅಂಗಡಿಯ ಮೇಲೆ ಕಲ್ಲು ತೂರಿದರು. ನೀವು ಅಲ್ಲಿದ್ದಿದ್ದರೆ ನಿಮ್ಮ ಕೈ ಖಾಲಿ ಇರುತ್ತಿತ್ತೇ?

2025ರ ನವೆಂಬರ್ 18, ಮಂಗಳವಾರ ಮಧ್ಯಾಹ್ನ ಮಕ್ತಲ್ ಠಾಣೆಗೆ ದೂರು ಬಂತು. ದೂರುದಾರ ಕಿಷ್ಟಪ್ಪ, ಕೃಷ್ಣಾ ಮಂಡಲದ ಕುರಿಗಾರ, ವಯಸ್ಸು ಅರವತ್ತರ ಆಚೆ. ಹೆಗಲ ಮೇಲೆ ಕರಿ ಕಂಬಳಿ, ಹಣೆಯ ಮೇಲೆ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ. ಸತ್ತವಳು ಅವನ ಒಬ್ಬಳೇ ಮಗಳು. ಹಿಂದೆ ಬಂದ ಜನ ಬಾಗಿಲಲ್ಲಿ ಒತ್ತೊತ್ತಾಗಿ ನಿಂತಿದ್ದರು.

ಸಬ್ ಇನ್‌ಸ್ಪೆಕ್ಟರ್ ಝಾನ್ಸಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಡಿಸಿದಳು. ಅವಳು ಹುಟ್ಟಿದ್ದು ಕೆ.ಟಿ. ದೊಡ್ಡಿಯಲ್ಲಿ, ತೆಲುಗು ನಾಡಿನೊಳಗಿನ ಈ ಗಡಿಸೀಮೆಯ ಕನ್ನಡ ಅವಳ ಮನೆಮಾತು. ಕಿಷ್ಟಪ್ಪ ಕನ್ನಡದಲ್ಲಿ ಹೇಳುತ್ತ ಹೋದ, ಹೆಡ್ ಕಾನ್ಸ್‌ಟೇಬಲ್ ನರೇಂದ್ರ ತೆಲುಗಿನಲ್ಲಿ ಬರೆದುಕೊಳ್ಳುತ್ತ ಹೋದ.

"ನನ್ನ ಮಗಳನ್ನ ಕೊಂದಾನ್ರಿ ಮೇಡಂ ಆ ಮಿಸ್ತ್ರಿ. ನಮ್ಮ ಕೈಯಾಗ ಕೊಡ್ರಿ ಅವನ್ನ."

"ತುಪಾಕಿ ಯಾರದು?"

"ನಂದ ಇತ್ತು. ಹಂದಿ ಕಾಯಾಕ ಗಟ್ಟು ಊರಾಗ ಒಬ್ಬನ ಕಡಿಂದ ಹಳೇದು ತಗೊಂಡಿದ್ದೆ. ಮೊನ್ನೆ ಆಯಿತವಾರ ತಮ್ಮ ಹನುಮಂತಗ ಕೊಟ್ಟೆ."

"ಕೊಡುವಾಗ ಖಾಲಿ ಇತ್ತೇನು?"

ಕಿಷ್ಟಪ್ಪ ತಲೆಯೆತ್ತಿದ. "ಬೀರಪ್ಪನ ಮುಂದ ಗಜ ತೋರ್ಸಿ ಕೊಟ್ಟೀನ್ರಿ. ಊರಿಗೂರ ನೋಡೇತಿ. ಆಮ್ಯಾಲೆ ತುಂಬಿದಾಂವ ಮಿಸ್ತ್ರೀನ."

ಬಾಗಿಲಲ್ಲಿದ್ದವರು ಹೌದು ಹೌದೆಂದರು. ಆ ಮಾತಿನ ತೂಕ ಝಾನ್ಸಿಗೆ ಗೊತ್ತಿತ್ತು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕಿನ ಹೊಟ್ಟೆಯಲ್ಲಿ ಏನಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಅದಕ್ಕೊಂದು ಕಬ್ಬಿಣದ ಸಲಾಕೆ ಇರುತ್ತದೆ, ಅದೇ ಗಜ. ಮದ್ದನ್ನು ದಮ್ಮಸು ಮಾಡುವುದೂ ಅದರಿಂದಲೇ, ನಳಿಗೆ ಖಾಲಿಯೋ ತುಂಬಿದೆಯೋ ಎಂದು ನೋಡುವುದೂ ಅದರಿಂದಲೇ. ಗಜದ ಮೇಲೆ ಒಂದು ಗೀರು ಕೊರೆದಿರುತ್ತಾರೆ. ಖಾಲಿ ನಳಿಗೆಗೆ ಇಳಿಬಿಟ್ಟರೆ ಆ ಗೀರು ಸರಿಯಾಗಿ ಬಾಯಿಯ ಅಂಚಿಗೆ ಬಂದು ನಿಲ್ಲಬೇಕು. ಮದ್ದು, ಗುಂಡು ಒಳಗಿದ್ದರೆ ಗಜ ತಳ ಮುಟ್ಟದೆ ಗೀರು ನಾಲ್ಕು ಬೆರಳು ಮೇಲೆಯೇ ಉಳಿಯುತ್ತದೆ. ಬಂದೂಕು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಕೊಡುವವನು ಬೀರಪ್ಪನ ಕಲ್ಲಿನ ಮುಂದೆ ಗಜ ಇಳಿಬಿಟ್ಟು, ಅಂಚಿಗೆ ಬಂದ ಗೀರಿಗೆ ಭಂಡಾರ ಹಚ್ಚಿ ತೋರಿಸುವುದು ಆ ಊರಿನ ಕುರಿಗಾರರ ಪದ್ಧತಿ. ದೇವರ ಮುಂದೆ ತೋರಿಸಿದ ಗಜವನ್ನು ಮತ್ತೆ ಪರೀಕ್ಷಿಸುವವರಿಲ್ಲ.

ಲೈಸೆನ್ಸು ಇನ್ನೂ ಕಿಷ್ಟಪ್ಪನ ಹೆಸರಿನಲ್ಲಿತ್ತು. ಅದನ್ನು ತಮ್ಮನ ಹೆಸರಿಗೆ ಮಾಡಿಸಬೇಕೆಂದು ಊರಿನಲ್ಲಿ ಒಬ್ಬರಿಗೂ ತೋಚಲಿಲ್ಲ. ಸರಕಾರದ ಮೊಹರಿಗೆ ಕೊಡದ ಮರ್ಯಾದೆಯನ್ನು ಅವರು ಅರಿಶಿನದ ಗೀರಿಗೆ ಕೊಟ್ಟಿದ್ದರು.

ಮಹೇಂದರನ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಂ 105, ಅಂದರೆ ಕೊಲೆಯಲ್ಲದ ನರಹತ್ಯೆ, ಮತ್ತು ಆಯುಧ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಜನರಿಂದ ಉಳಿಸಲು ಅವನನ್ನು ಆಗಲೇ ಠಾಣೆಗೆ ತಂದಿದ್ದರು.

ನಾಲ್ಕು ಗಂಟೆಗೆ ಝಾನ್ಸಿ ಇಬ್ಬರು ಪಂಚರೊಂದಿಗೆ ಅಂಗಡಿಯ ಪಂಚನಾಮೆಗೆ ಹೋದಳು. ಅದು ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ತಗಡಿನ ಅಂಗಡಿ. ಮುಂದಿನ ತಗಡು ಕಲ್ಲೇಟಿಗೆ ತಗ್ಗುಬಿದ್ದಿತ್ತು. ಒಳಗೆ ಮೇಜಿನ ಇಕ್ಕುಳದಲ್ಲಿ ಬಂದೂಕು ಇನ್ನೂ ಬಿಗಿಯಾಗಿಯೇ ಇತ್ತು. ಅದರ ಬಾಯಿ ಹಿಂದಿನ ಗೋಡೆಯ ಕಡೆಗಿತ್ತು. ಆ ಗೋಡೆಯೂ ತಗಡೇ. ಎದೆಯೆತ್ತರದಲ್ಲಿ ಒಂದು ತೂತು. ತೂತಿನ ಆಚೆ ನೀರಿನ ಕೊಡ, ಉರುಳಿದ ಚೊಂಬು, ಒಣಗಿದ ರಕ್ತ.

ಚೊಂಬಿನ ಪಕ್ಕದಲ್ಲಿ ಹರಿತಾಳ ಕಾಲೇಜಿನ ಚೀಲ ಬಿದ್ದಿತ್ತು. ಝಾನ್ಸಿ ಅದನ್ನೇ ನೋಡುತ್ತ ನಿಂತುಬಿಟ್ಟಳು.

"ಮೇಡಂ, ಇಲ್ನೋಡ್ರಿ," ಎಂದ ನರೇಂದ್ರ. ಮೇಜಿನ ಕೆಳಗಿನಿಂದ ಅವನು ಚಿಮಟದಲ್ಲಿ ಒಂದು ಸುಟ್ಟ ಚೂರನ್ನು ಎತ್ತಿದ್ದ. "ಕಂಬಳಿ ಉಣ್ಣಿ. ಮದ್ದಿನ ಮ್ಯಾಲೆ ಒತ್ತಿ ತುಂಬಿದ್ದು ಇದ. ಮೂಸಿದ್ರ ಇನ್ನಾ ನಾರತೈತಿ."

ಝಾನ್ಸಿ ಅಂಗಡಿಯನ್ನೆಲ್ಲ ಕಣ್ಣಾಡಿಸಿದಳು. ಮೂಲೆಯಲ್ಲಿ ಹತ್ತಿಯ ವೇಸ್ಟಿನ ಒಂದು ಮೂಟೆಯೇ ಇತ್ತು. ಕೈಗೆಟಕುವಲ್ಲಿ ಹತ್ತಿ ಇರುವ ಮೆಕ್ಯಾನಿಕ್, ಬಂದೂಕಿಗೆ ತುಂಬಲು ಕಂಬಳಿಯ ಉಣ್ಣೆಯನ್ನು ಎಲ್ಲಿಂದ ತಂದಾನು? ಮದ್ದಿನ ಡಬ್ಬಿಯಾಗಲಿ ಸೀಸವಾಗಲಿ ಹುಡುಕಿದರೂ ಸಿಗಲಿಲ್ಲ. ಬಂದೂಕು, ಗಜ, ಉಣ್ಣೆಯ ಚೂರು, ಮದ್ದಿಗೆ ಕಿಡಿ ಹೊತ್ತಿಸಿ ಒಡೆದ ಕೇಪು ಎಲ್ಲವನ್ನೂ ಮೊಹರು ಮಾಡಿ ಜಪ್ತಿಗೆ ತೆಗೆದುಕೊಂಡರು.

ಸಂಜೆ ಮಹೇಂದರನ ವಿಚಾರಣೆ ನಡೆಯಿತು. ಮೂವತ್ತರ ಪ್ರಾಯದವನು. ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತಿದ್ದ.

"ತುಪಾಕಿ ರಿಪೇರಿ ಮಾಡಾಕ ಪರವಾನಗಿ ಐತೇನು?"

"ಇಲ್ರಿ."

"ಮತ್ಯಾಕ ಮುಟ್ಟಿದಿ?"

"ಹನುಮಂತಣ್ಣ ನಮ್ಮ ಗಿರಾಕಿ ಮೇಡಂ. ಕುದುರಿ ನಿಲ್ಲವಲ್ದು, ಒಂದೀಟು ನೋಡು ಅಂದ."

ಕುದುರೆ ಎಂದರೆ ಕೇಪಿನ ಮೇಲೆ ಬಡಿಯುವ ಸುತ್ತಿಗೆ. ಅದನ್ನು ಹಿಂದಕ್ಕೆಳೆದರೆ ಟ್ರಿಗರಿನ ಮೇಲಿನ ಹಲ್ಲು ಅದರ ಕಚ್ಚಿಗೆ ಕೂತು ತಡೆದು ನಿಲ್ಲಿಸಬೇಕು. ಟ್ರಿಗರ್ ಒತ್ತಿದಾಗ ಹಲ್ಲು ಜಾರಿ ಕುದುರೆ ಬಡಿಯಬೇಕು.

"ಏನು ಕೆಟ್ಟಿತ್ತು?"

"ಏನೂ ಕೆಟ್ಟಿರ್ಲಿಲ್ರಿ! ಭಂಡಾರ ಎಣ್ಣಿ ಕೂಡಿ ಟ್ರಿಗರಿನ ಸ್ಪ್ರಿಂಗ್ ಪತ್ತಿ ಕೆಳಗ ಕಲ್ಲಾಗಿ ಕುಂತಿತ್ತು. ವರ್ಷಾ ವರ್ಷಾ ಪೂಜಿ ಮಾಡ್ತಾರ, ಒರಸಂಗಿಲ್ಲ. ದೇವರ ಭಂಡಾರ ಒರಸಬಾರ್ದಂತ. ಟ್ರಿಗರ್ ಪೂರಾ ತನ್ನ ಜಾಗಕ್ಕ ಬರ್ತಿರ್ಲಿಲ್ಲ, ಹಲ್ಲು ಕಚ್ಚತಿರ್ಲಿಲ್ಲ. ಸೀಮೆಎಣ್ಣಿ ಹಾಕಿ ಕೆರದೆ. ಸರಿ ಆತು. ಕಚ್ಚು ಸವದೈತೇನಂತ ನೋಡಾಕ ಮಕ್ಕಳ ಪಿಸ್ತೂಲಿನ ಕೇಪು ಒಂದು ಇಟ್ಟು ಒತ್ತಿದೆ. ಟಪ್ ಅನ್ನಬೇಕಿತ್ತಷ್ಟ."

"ಮೊದಲ ಖಾಲಿ ಐತೇನಂತ ನೋಡಿದ್ಯೇನು?"

"ಗಜ ಬಿಟ್ಟೆ ಮೇಡಂ. ಗೀರು ಅಂಚಿಗೇ ಬಂತು. ನನ್ನ ಹೆಂಡ್ತಿ ಪ್ರಶಾಂತಿ ಮ್ಯಾಲೆ ಆಣಿ. ಆದ್ರೂ ಬಾಯಿ ಗ್ವಾಡಿ ಕಡೆ ತಿರುಗಿಸಿ ಬಿಗದೆ. ಆ ತಂಗಿ ಹಿಂದ ನೀರು ಕುಡಿಯಾಕ ಹೋಗ್ಯಾಳಂತ..."

ಹೊರಗೆ ಬೆಂಚಿನ ಮೇಲೆ ಪ್ರಶಾಂತಿ ಊಟದ ಡಬ್ಬಿ ಹಿಡಿದು ಕುಳಿತಿದ್ದಳು. ಝಾನ್ಸಿಯನ್ನು ಕಂಡೊಡನೆ ಎದ್ದು ನಿಂತಳು.

"ಮೇಡಂ, ಎಲ್ಲಾರೂ ಸುಳ್ಳು ಅಂತಾರ. ನೀವೂ ಹಂಗ ಅಂತೀರೇನು?"

"ಈಗ ಏನೂ ಅನ್ನಂಗಿಲ್ಲ ನಾನು. ಅವನಿಗೆ ಉಣ್ಣಾಕ ಕೊಡು."

ಗಜ ಎರಡು ಸಲ ಖಾಲಿ ಎಂದು ಹೇಳಿದ ನಳಿಗೆಯಿಂದ ಗುಂಡು ಹಾರಿತ್ತು. ಹಾಗಾದರೆ ಮಹೇಂದರ್ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಬೀರಪ್ಪನ ಮುಂದೆ ನಿಂತವನು ಹೇಳಿರಬೇಕು. ಊರು ಯಾರನ್ನು ನಂಬುತ್ತದೆಯೆಂದು ಹೇಳಬೇಕಾಗಿಲ್ಲ. ಬೀರಪ್ಪನ ಭಂಡಾರ ಹಚ್ಚಿಕೊಂಡು ಬೆಳೆದ ಝಾನ್ಸಿಯ ಮನಸ್ಸೂ ಒಂದು ಗಳಿಗೆ ಅತ್ತಲೇ ವಾಲಿತು. ಹಾಗೆ ವಾಲಿದ್ದು ತಿಳಿದು ಅವಳಿಗೆ ನಾಚಿಕೆಯಾಯಿತು.

ಬುಧವಾರ ಹನುಮಂತುವನ್ನು ಕರೆಸಿದರು. ಅಣ್ಣನಿಗಿಂತ ಹದಿನೈದು ವರ್ಷ ಚಿಕ್ಕವನು. ಅತ್ತು ಅತ್ತು ಮುಖ ಊದಿತ್ತು.

"ಹುಡುಗಿ ನಿನ್ನ ಗಾಡಿ ಮ್ಯಾಲೆ ಯಾಕ ಬಂದ್ಲು?"

"ದಿನಾ ನನ್ನ ಜೋಡೀನ ಬರ್ತಾಳ್ರಿ ಕಾಲೇಜಿಗೆ. 'ಕಾಕಾ, ತುಪಾಕಿ ಜೋಡಿ ಕುಂತ್ರ ನಾನೂ ಪೊಲೀಸ್ ಕಂಡಂಗ ಕಾಣ್ತೀನೇನು' ಅಂತ ದಾರಿ ತುಂಬ ನಗಸಿದ್ಲು. ತುಪಾಕಿ ಕಂಬ್ಳ್ಯಾಗ ಸುತ್ತಿ ಅಕಿ ತೊಡಿ ಮ್ಯಾಲ ಇಟ್ಟಿದ್ದೆ."

"ನೀ ಮದ್ದು ತುಂಬಿದ್ಯೇನು?"

"ಇಲ್ರಿ. ಮೊದಲನೇ ಈಡು ದೇವರಿಗೇ ಹೊಡೀಬೇಕು. ಅಲ್ಲೀತನ ತುಂಬಂಗಿಲ್ಲ."

"ಅಣ್ಣ ನಿನಗ್ಯಾಕ ಕೊಟ್ಟ?"

ಹನುಮಂತು ನೆಲ ನೋಡಿದ. ವರ್ಷದ ಹಬ್ಬದಲ್ಲಿ ಬೀರಪ್ಪನ ಪಲ್ಲಕ್ಕಿ ಹೊಳೆಗೆ ಹೊರಡುವಾಗ ಮೊದಲ ಈಡು ಹಾರಿಸುವ ಹಕ್ಕು ಅವರ ಮನೆತನದ್ದು. ಮೂವತ್ತು ವರ್ಷ ಕಿಷ್ಟಪ್ಪನೇ ಹಾರಿಸಿದ್ದ. ಕಳೆದ ವರ್ಷ ಪಲ್ಲಕ್ಕಿ ಎತ್ತಿದಾಗ ಅವನು ಕುದುರೆ ಎಳೆದರೆ ಕುದುರೆ ನಿಲ್ಲಲಿಲ್ಲ. ಮತ್ತೆ ಎಳೆದ, ಮತ್ತೆ ಜಾರಿತು. ದೇವರು ಹೆಗಲ ಮೇಲೆ ಕಾಯುತ್ತಿತ್ತು.

"ಯಾರೋ ಅಂದ್ರು, 'ಕಿಷ್ಟಪ್ಪಗ ಕಣ್ಣೂ ಕಾಣವಲ್ಲವು, ಕೈಯೂ ನಡಿಯವಲ್ಲವು, ಆ ತುಪಾಕಿ ಊರುಗೋಲು ಮಾಡ್ಕೋ ಅಂತ ಹೇಳ್ರಿ' ಅಂತ. ಎಲ್ಲಾರೂ ನಕ್ರು. ಅಣ್ಣಾನೂ ನಕ್ಕ. ಈ ವರ್ಷ ಹಿರೇರು ಹಕ್ಕು ನನಗ ಕೊಡಿಸಿದ್ರು."

"ನೀನೂ ನಕ್ಯಾ?"

"ನಕ್ಕಿದ್ದೆ ಮೇಡಂ."

ಗುರುವಾರ ಝಾನ್ಸಿ ನಾರಾಯಣಪೇಟೆಗೆ ಹೋದಳು. ಜಿಲ್ಲಾ ಆಸ್ಪತ್ರೆಯ ಶವಪರೀಕ್ಷೆ ವರದಿಯಲ್ಲಿ ಒಂದು ಸೀಸದ ಗುಂಡಿನ ಪ್ರಸ್ತಾಪವಿತ್ತು. ಹಂದಿಗೆಂದು ಮನೆಯಲ್ಲಿ ಎರಕ ಹೊಯ್ಯುವಂಥದು. ಅಲ್ಲಿಂದ ಜಿಲ್ಲಾ ಆಯುಧಾಗಾರ. ಪೊಲೀಸ್ ಬಂದೂಕುಗಳನ್ನು ನೋಡಿಕೊಳ್ಳುವ ಎಎಸ್‌ಐ ಶ್ರೀನು ಮೊಹರು ಒಡೆದು ತಿರುಪು ಬಿಚ್ಚಿದ. ಹಲ್ಲು, ಕಚ್ಚು, ಪತ್ತಿ ನೆಟ್ಟಗಿದ್ದವು. ಕುದುರೆಯನ್ನು ಹಿಂದಕ್ಕೆಳೆದರೆ ಸದ್ದು ಮಾಡಿ ನಿಂತಿತು. ಜೋರಾಗಿ ಅಲ್ಲಾಡಿಸಿದರೂ ಜಾರಲಿಲ್ಲ.

"ಟ್ರಿಗರಿನ ತಪ್ಪಿಲ್ಲ ಮೇಡಂ. ಆ ಹುಡುಗ ಚಲೋ ಸಾಫ್ ಮಾಡ್ಯಾನ."

"ಗಜ ಬಿಡ್ರಿ ನೋಡೋಣು."

"ಈಗೇನೈತಿ ಒಳಗ? ಖಾಲಿ ಐತಲ್ಲ."

"ಅದಕ್ಕ ಬಿಡ್ರಿ ಅಂದೆ."

ಶ್ರೀನು ಗಜವನ್ನು ಬಾಯಿಗಿಟ್ಟು ಬಿಟ್ಟ. ಅದು ತಳಕ್ಕೆ ಬಡಿದು ಠಣ್ ಎಂದಿತು. ಇಬ್ಬರೂ ಬಗ್ಗಿ ನೋಡಿದರು. ಅಂಚಿಗೆ ನಿಲ್ಲಬೇಕಾದ ಗೀರು ಕಾಣಲೇ ಇಲ್ಲ. ಅದು ನಳಿಗೆಯೊಳಗೆ ನಾಲ್ಕು ಬೆರಳು ಆಳಕ್ಕೆ ಮುಳುಗಿಹೋಗಿತ್ತು.

ಶ್ರೀನು ಗಜವನ್ನು ಹೊರತೆಗೆದು ತುದಿಯ ಹಿತ್ತಾಳೆ ಟೋಪಿಯನ್ನು ಸಡಿಲಿಸಿದ. ಒಳಗಿನ ಕಬ್ಬಿಣ ಹೊಸದಾಗಿ ಕೊಯ್ದದ್ದು, ಕನ್ನಡಿಯಂತೆ ಹೊಳೆಯುತ್ತಿತ್ತು.

"ದೇವುಡಾ!" ಎಂದ ಅವನು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ, "ಮದ್ದಿನಷ್ಟ ಅಳತಿಗೆ ಕೊಯ್ದಾರ. ತುಂಬಿದ ತುಪಾಕಿ ಖಾಲಿ ಕಾಣಲಿ ಅಂತ."

ಝಾನ್ಸಿ ಕುಳಿತುಕೊಂಡಳು. ಜಗಳದಲ್ಲಿ ಎತ್ತಿದ ಕೊಡಲಿ, ಕುಡಿದ ಅಮಲಿನಲ್ಲಿ ಎಸೆದ ಕಲ್ಲು ಅವಳ ಕಸುಬಿನಲ್ಲಿ ಹೊಸದಲ್ಲ. ಆದರೆ ದೇವರ ಮುಂದೆ ಸತ್ಯ ನುಡಿಯಲೆಂದೇ ಇಟ್ಟುಕೊಂಡ ಒಂದು ಸಲಾಕೆಗೆ ಸುಳ್ಳು ಕಲಿಸಿದವರನ್ನು ಅವಳು ಕಂಡಿರಲಿಲ್ಲ. ಮಹೇಂದರ್ ನಿಜ ಹೇಳಿದ್ದ. ಹನುಮಂತುವೂ ನಿಜ ಹೇಳಿದ್ದ. ಆ ಗಜ ಅದಕ್ಕೂ ಮೊದಲು ಯಾರ ಕೈಯಲ್ಲಿತ್ತು ಎಂಬುದನ್ನು ಇನ್ನು ಸಾಕ್ಷಿಯೊಂದಿಗೆ ಗೊತ್ತುಮಾಡಬೇಕಿತ್ತು.

ಶುಕ್ರವಾರ ಅವಳು ಕಿಷ್ಟಪ್ಪನ ಮನೆಗೆ ಹೋದಾಗ ಅವನು ಕುರಿಹಟ್ಟಿಯ ಕಡೆ ಹೋಗಿದ್ದ. ಹೆಂಡತಿ ಮೈಲಮ್ಮ ಮಗಳ ಸೀರೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. ಝಾನ್ಸಿ ನೆಲದ ಮೇಲೆ ಅವಳೆದುರು ಕುಳಿತಳು.

"ಅವ್ವಾ, ಈಚೀಚೆಗೆ ತುಪಾಕಿ ಯಾರಾರ ರಿಪೇರಿಗೆ ಒಯ್ದಿದ್ರೇನು?"

"ಇಲ್ಲವ್ವಾ. ಗಜ ಒಯ್ದಿದ್ರು ನಮ್ಮ ಮನ್ಯಾವ್ರು. ದೀವಳಿಗಿ ಆದಮ್ಯಾಲೆ ಕುರಿ ಕತ್ತರಿ ಸಾಣಿ ಹಿಡಸಾಕ ಗದ್ವಾಲಕ್ಕ ಹೋದ್ರಲ್ಲ, ಆವಾಗ. ಟೋಪಿ ಸಡ್ಲಾಗೇತಿ, ತಮ್ಮಗ ಕೊಡೂದಂದ್ರ ನೆಟ್ಟಗ ಮಾಡಿ ಕೊಡಬೇಕು ಅಂದ್ರು." ಅವಳು ಕಣ್ಣೊರೆಸಿಕೊಂಡಳು. "ಯಾಕವ್ವಾ?"

ಝಾನ್ಸಿ ಗದ್ವಾಲದ ದಾರಿ ಹಿಡಿಯಲು ಎದ್ದಳು. ಕಾರಣ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗೆ ಸಾಣೆ ಹಿಡಿಯುವವರು ಗದ್ವಾಲದಲ್ಲಿ ಬಹಳ ಜನರಿಲ್ಲ. ಕೋಟೆಯ ಬಳಿಯ ಎರಡನೆಯ ಅಂಗಡಿಯಲ್ಲೇ ಗೋಪಾಲ್ ಸಿಕ್ಕ. ಝಾನ್ಸಿ ಗಜದ ಫೋಟೋ ತೋರಿಸಿದಳು.

"ಹಾಂ, ನಾನ ಕೊಯ್ದಿದ್ದು. ಕುರುಬರ ಮುದುಕ. ಕಡ್ಡೀಲೆ ಅಳತಿ ತಂದಿದ್ದ. ಕೂದಲಷ್ಟೂ ಹೆಚ್ಚುಕಮ್ಮಿ ಆಗಬಾರ್ದಂದ."

"ಯಾಕಂತ ಕೇಳಲಿಲ್ಲೇನು?"

"ಕೇಳಿದೆ. 'ನನ್ನ ತಮ್ಮಗ ಉದ್ದ ಆಗತೈತಿ' ಅಂದ. ಇಬ್ರೂ ನಕ್ವಿ." ಅವಳ ಮುಖ ನೋಡಿ ಗೋಪಾಲ್ ಸಾಣೆಯ ಚಕ್ರ ನಿಲ್ಲಿಸಿದ. "ಏನಾತ್ರಿ ಮೇಡಂ?"

ನವೆಂಬರ್ 22, ಶನಿವಾರ ಬೆಳಿಗ್ಗೆ ಬೀರಪ್ಪನ ಗುಡಿಯ ಮುಂದೆ ಪಂಚರು ಸೇರಿದರು. ಹನುಮಂತು, ಮೈಲಮ್ಮ, ಊರಿನ ಹಿರಿಯರು, ಕಲ್ಲು ತೂರಿದ್ದವರಲ್ಲಿ ಕೆಲವರು. ಮಹೇಂದರನನ್ನು ಜೀಪಿನಲ್ಲಿ ಕೂರಿಸಿದ್ದರು. ಅವನನ್ನು ಕಂಡು ಕಿಷ್ಟಪ್ಪ ಉಗುಳಿದ.

"ಇವನ್ನ ಇನ್ನಾ ಜೈಲಿಗೆ ಹಾಕಿಲ್ಲೇನ್ರಿ?"

ನರೇಂದ್ರ ಬಂದೂಕನ್ನು ಕಲ್ಲಿನ ಮುಂದೆ ನಿಲ್ಲಿಸಿ ಹಿಡಿದ. ಝಾನ್ಸಿ ಗಜವನ್ನು ಕಿಷ್ಟಪ್ಪನ ಕೈಗಿತ್ತಳು.

"ದೊಡ್ಡಪ್ಪಾ, ಅವತ್ತು ತೋರಿಸಿದಂಗ ಇವತ್ತೂ ತೋರಿಸ್ರಿ."

"ಯಾಕ?"

"ಇವತ್ತು ತುಪಾಕಿ ಖರೇವಂದ್ರೂ ಖಾಲಿ ಐತಿ. ಗೀರು ಎಲ್ಲಿಗೆ ಬರತೈತಿ ಊರು ನೋಡಲಿ."

ಕಿಷ್ಟಪ್ಪ ಗಜ ಹಿಡಿದು ನಿಂತ. ಹಿರಿಯರಲ್ಲೊಬ್ಬರು, "ತೋರ್ಸಪ್ಪಾ, ಅದಕ್ಯಾಕ ಹೆದರ್ತಿ," ಎಂದರು. ಅವನು ತೋರಿಸಲಿಲ್ಲ. ಬೆರಳು ಸಡಿಲವಾಗಿ ಗಜ ತಾನಾಗಿಯೇ ನಳಿಗೆಗೆ ಜಾರಿತು. ಠಣ್ ಎಂಬ ಸದ್ದು ಗುಡಿಯ ಗೋಡೆಗೆ ತಾಗಿ ಮರಳಿತು. ಅರಿಶಿನದ ಗೀರು ಕತ್ತಲೊಳಗೆ ಹೋಯಿತು. ಬಗ್ಗಿ ನೋಡಿದ ಹಿರಿಯರು ಹಿಂದೆ ಸರಿದು, ಎದುರಿನ ಕಲ್ಲನ್ನು ನೋಡಲಾರದೆ ಮುಖ ತಿರುಗಿಸಿದರು.

"ತಮ್ಮನ ಕೈ ಅಷ್ಟ ಹೋಗಲಿ ಅಂದಿದ್ದೆ," ಎಂದ ಕಿಷ್ಟಪ್ಪ. "ಹಂದಿಗೆ ತುಂಬಿದ ಈಡು ಒಳಗ ಬಿಟ್ಟೆ. ಹಬ್ಬದಾಗ ಅದರ ಮ್ಯಾಲೆ ಇನ್ನೊಂದು ತುಂಬತಾನ, ನಳಿಗಿ ಒಡೀತೈತಿ, ಕೈ ಹೋಗತೈತಿ. ನನಗ ನಕ್ಕಂಗ ಅವಗೂ ನಗಬೇಕು ಮಂದಿ. ಮಿಸ್ತ್ರಿ ಕಡೆ ಒಯ್ತಾನಂತ ನನಗೇನು ಗೊತ್ತು?"

ಮೈಲಮ್ಮ ಎದ್ದು ಬಂದಳು. ಅಳಲಿಲ್ಲ, ಕೂಗಲಿಲ್ಲ.

"ಅವತ್ತು ಮುಂಜಾನೆ ತುಪಾಕಿ ಅಕಿ ತೊಡಿ ಮ್ಯಾಲಿತ್ತು," ಎಂದಳು. "ಸಡ್ಲಾದ ಕಂಬ್ಳಿ ನೆಟ್ಟಗ ಸುತ್ತಿ ಅಕಿನ್ನ ಗಾಡಿ ಮ್ಯಾಲೆ ಕೂಡಿಸಿದಾಂವ ನೀನ ಅಲ್ಲೇನು?"

"ಕೇಪು ಇಲ್ದ ಹಾರಂಗಿಲ್ಲಂತ ಸುಮ್ನಿದ್ದೆ," ಎಂದ ಅವನು. ಬೆಳಿಗ್ಗೆ ಹತ್ತೂವರೆಗೆ ಬಂಧನ ದಾಖಲಾಯಿತು.

ಕಲಂ 105 ಮಹೇಂದರನ ಮೇಲಿಂದ ಕಿಷ್ಟಪ್ಪನ ಮೇಲೆ ಹೋಯಿತು. ಪರವಾನಗಿಯಿಲ್ಲದೆ ಬಂದೂಕು ಮುಟ್ಟಿದ ತಪ್ಪಿಗೆ ಮಹೇಂದರ್ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕು, ಅದು ಸರಿಯೇ. ಲೈಸೆನ್ಸಿಲ್ಲದೆ ಬಂದೂಕು ಇಸಿದುಕೊಂಡ ಹನುಮಂತುವೂ ಹೇಳಬೇಕು. ಆದರೆ ನಕ್ಕವರ ಮೇಲೆ ಹಾಕಲು ಯಾವ ಕಲಮೂ ಝಾನ್ಸಿಗೆ ಸಿಗಲಿಲ್ಲ. ಮಗಳ ಹೆಣದ ಮುಂದೆ ನಿಂತೂ ನಿರಪರಾಧಿಯತ್ತ ಬೆರಳು ತೋರಿಸಿದ ತಂದೆಯ ಆ ನಾಲ್ಕು ದಿನಗಳಿಗೂ ಕಲಮಿಲ್ಲ. ಅಂತಿಮ ವರದಿಗೆ ಸಹಿ ಮಾಡುವಾಗ ಅವಳ ಮೇಜಿನ ಮೇಲೆ ಒಂದು ಪುಟ್ಟ ಪೊಟ್ಟಣವಿತ್ತು: ಮಹೇಂದರ್ ಟ್ರಿಗರಿನಡಿಯಿಂದ ಕೆರೆದು ತೆಗೆದ ಗಟ್ಟಿ ಭಂಡಾರ, ಒಂದು ಚಿಟಿಕೆಯಷ್ಟು. ಮೂವತ್ತು ವರ್ಷ ತಲೆಯೆತ್ತಿ ನಿಂತವನನ್ನು ಊರ ಮುಂದೆ ನಗೆಗೀಡು ಮಾಡಿದ್ದು ಅಷ್ಟೇ. ಅವನ ಕೈಯೂ ಕೆಟ್ಟಿರಲಿಲ್ಲ, ಬಂದೂಕೂ ಕೆಟ್ಟಿರಲಿಲ್ಲ. ಒಂದು ಬಟ್ಟೆಯ ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದ್ದರೆ ಹರಿತಾ ಇಂದು ಕಾಲೇಜಿಗೆ ಹೋಗುತ್ತಿದ್ದಳು.

ಮಹೇಂದರ್ ಜಾಮೀನಿನ ಮೇಲೆ ಮನೆಗೆ ಬಂದು ತಿಂಗಳಾಯಿತು. ಅಂಗಡಿ ತೆರೆದಿದ್ದಾನೆ. ತಗ್ಗುಬಿದ್ದ ತಗಡನ್ನು ಪ್ರಶಾಂತಿ ಬಡಿದು ನೆಟ್ಟಗೆ ಮಾಡಿದ್ದಾಳೆ. ಹಿಂದಿನ ಗೋಡೆಯ ತೂತನ್ನು ಮಾತ್ರ ಮುಚ್ಚಲು ಇಬ್ಬರಿಗೂ ಕೈ ಬಂದಿಲ್ಲ. ಜನ ಮಾತ್ರ ಬರುತ್ತಿಲ್ಲ. ಕಲ್ಲು ತೂರಲು ಅರ್ಧ ಗಂಟೆ ತೆಗೆದುಕೊಂಡವರಿಗೆ ತಪ್ಪಾಯಿತೆನ್ನಲು ಒಂದು ತಿಂಗಳು ಸಾಲದಾಗಿದೆ.

ಓದುಗರೇ, ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಬಂದೂಕು ಇದ್ದರೆ ಅದನ್ನು ಮುಟ್ಟಬೇಡಿ, ಪೊಲೀಸರಿಗೆ ಹೇಳಿಕಳುಹಿಸಿ. ಮತ್ತೆ, ನಿಮ್ಮ ಹೊಲದ ಪಂಪಿನ ಮೋಟಾರು ಸುಟ್ಟಿದ್ದರೆ, ದಯವಿಟ್ಟು ನಾಳೆಯೇ ಅದನ್ನು ಮಕ್ತಲಿನ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿಗೆ ಒಯ್ದು ಕೊಡಿ. ಅವನ ಹೆಸರು ಹಿಡಿದು ಕರೆಯಿರಿ.